ತಾರಸಿ ಟ್ಯಾಂಕ್ ಎಂದಾದರೂ ಉಕ್ಕುತ್ತದೆಯೇ? ಭೌತ ವ್ಯವಸ್ಥೆಯ ಬಗ್ಗೆ ಕಂಪ್ಯೂಟರ್ ತರ್ಕಿಸುವಂತೆ ಮಾಡುವ ಸಮಗ್ರ ಮಾರ್ಗದರ್ಶಿ

ಸಂಪಿನಿಂದ ತಾರಸಿಯ ಟ್ಯಾಂಕಿಗೆ ನೀರೆತ್ತುವ ಪಂಪ್, ಟ್ಯಾಂಕಿನೊಳಗೆ ಒಂದು ಫ್ಲೋಟ್, ಫ್ಲೋಟಿನ ಮಾತು ಕೇಳಿ ಪಂಪನ್ನು ಚಾಲೂ ಮಾಡುವ, ನಿಲ್ಲಿಸುವ ಪುಟ್ಟ ನಿಯಂತ್ರಕ. ಬೆಂಗಳೂರಿನ ಬೀದಿ ಬೀದಿಯಲ್ಲೂ ಕಾಣುವ ವ್ಯವಸ್ಥೆ ಇದು. ಈ ಟ್ಯಾಂಕ್ ಎಂದಾದರೂ ಉಕ್ಕುತ್ತದೆಯೇ?

ಕಾದು ನೋಡಬಹುದು. ಇಂದು ಉಕ್ಕಲಿಲ್ಲ ಎಂಬುದು ನಾಳೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಸಿಮ್ಯುಲೇಷನ್ ನಡೆಸಬಹುದು. ನಾವು ಊಹಿಸಿ ಕೊಟ್ಟ ನೀರಿನ ಬಳಕೆಗೆ ಮಾತ್ರ ಅದು ಉತ್ತರ ಕೊಡುತ್ತದೆ. ಊಹೆಗೆ ಬಾರದ ಬಳಕೆಗೆ ಅದರಲ್ಲಿ ಉತ್ತರವಿಲ್ಲ. ಮೂರನೆಯ ದಾರಿಯೊಂದಿದೆ. ನೀರು, ಪಂಪ್, ಫ್ಲೋಟ್ ಪಾಲಿಸುವ ನಿಯಮಗಳನ್ನು ತರ್ಕದ ಸೂತ್ರಗಳಾಗಿ ಬರೆದು, ಸಾಧ್ಯವಿರುವ ಎಲ್ಲ ಬಳಕೆಗಳನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡು ಕಂಪ್ಯೂಟರ್ ಉತ್ತರಿಸುವಂತೆ ಮಾಡುವುದು. ವಿಮಾನ, ರೈಲು ಸಿಗ್ನಲ್‌ಗಳ ನಿಯಂತ್ರಣ ತಂತ್ರಾಂಶಗಳನ್ನು ಹೀಗೆಯೇ ಪರಿಶೀಲಿಸುತ್ತಾರೆ. ವಿಧಾನವನ್ನು ಕಲಿಯಲು ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ. ಈ ಟ್ಯಾಂಕಿನಲ್ಲಿಯೇ ಅದರ ಕಷ್ಟಗಳೂ ಸೊಗಸೂ ಬಹುಪಾಲು ಇವೆ.

ಪೈಥಾನ್‌ನಲ್ಲಿ ಸ್ವಲ್ಪ ಕೈಯಾಡಿಸಿದವರು ಇದನ್ನು ಓದುತ್ತಿದ್ದಾರೆ ಎಂದುಕೊಂಡಿದ್ದೇನೆ. ತರ್ಕಶಾಸ್ತ್ರದ ಪೂರ್ವಜ್ಞಾನ ಬೇಡ. ⇒ ಎಂದರೆ ‘ಆದರೆ, ಆಗ’; ⇔ ಎಂದರೆ ‘ಆದರೆ ಮಾತ್ರ, ಆದಾಗಲೆಲ್ಲ’; ∧ ಎಂದರೆ ‘ಮತ್ತು’; ∨ ಎಂದರೆ ‘ಅಥವಾ’; ¬ ಎಂದರೆ ‘ಅಲ್ಲ’. ಇಷ್ಟು ಸಾಕು.

ಉಪಕರಣ

ನಮಗೆ ಬೇಕಾದದ್ದು ಎಸ್‌ಎಂಟಿ ಸಾಲ್ವರ್ ಎಂಬ ತಂತ್ರಾಂಶ. ಸೂತ್ರಗಳ ಒಂದು ಗುಂಪನ್ನು ಕೊಟ್ಟರೆ, ಅವೆಲ್ಲವೂ ಒಟ್ಟಿಗೆ ನಿಜವಾಗುವಂಥ ಬೆಲೆಗಳು ಇವೆಯೇ ಎಂದು ಅದು ಹುಡುಕುತ್ತದೆ. ಇದ್ದರೆ ‘ಸ್ಯಾಟ್’ ಎಂದು ಹೇಳಿ ಆ ಬೆಲೆಗಳನ್ನೂ ಕೊಡುತ್ತದೆ. ಇಲ್ಲವೇ ಇಲ್ಲವೆಂದರೆ ‘ಅನ್‌ಸ್ಯಾಟ್’. ತೀರ್ಮಾನಿಸಲಾಗದಿದ್ದರೆ ‘ಅನ್‌ನೋನ್’. ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಲಿಯೊನಾರ್ಡೊ ಡಿ ಮೌರಾ ಮತ್ತು ನಿಕೊಲಾಯ್ ಬ್ಯೋರ್ನರ್ ಕಟ್ಟಿದ ಜೆಡ್3 ಇಂಥದ್ದು. 2008ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟವಾಯಿತು. ಈಗ ಅದು ಮುಕ್ತ ತಂತ್ರಾಂಶ. ಪೈಥಾನ್‌ನ ಪಿಪ್ ಮೂಲಕ ‘ಜೆಡ್3-ಸಾಲ್ವರ್’ ಪೊಟ್ಟಣವನ್ನು ಅಳವಡಿಸಿಕೊಳ್ಳಿ. ಕೆಳಗಿನ ಸೂತ್ರಗಳನ್ನು ಓದಲು ಸುಲಭವಾಗಲೆಂದು ಕನ್ನಡದಲ್ಲಿ ಬರೆದಿದ್ದೇನೆ. ಪೈಥಾನ್‌ನಲ್ಲಿ ಅವು ಸಾಲ್ವರ್‌ನ ರಿಯಲ್, ಬೂಲ್, ಇಂಪ್ಲೈಸ್, ಅಂಡ್, ಆರ್, ನಾಟ್ ಎಂಬ ರೂಪಗಳಿಗೆ ನೇರವಾಗಿ ಹೊಂದುತ್ತವೆ.

ಹೆಜ್ಜೆ 1: ಸ್ಥಿತಿಯನ್ನು ಆರಿಸಿ

ಯಾವುದೇ ಕ್ಷಣದಲ್ಲಿ ಮುಂದೇನಾಗಬಹುದೆಂದು ಹೇಳಲು ಏನೇನು ತಿಳಿದಿರಬೇಕೋ ಅಷ್ಟೇ ಸ್ಥಿತಿ. ಟ್ಯಾಂಕಿನ ಬಣ್ಣ ಬೇಡ, ಪಂಪಿನ ಕಂಪನಿ ಬೇಡ. ಎರಡೇ ಸಾಕು:

ನೀರು(ನಿ): ನಿ-ನೆಯ ನಿಮಿಷದ ಆರಂಭದಲ್ಲಿ ಟ್ಯಾಂಕಿನಲ್ಲಿರುವ ನೀರು, ಲೀಟರ್‌ಗಳಲ್ಲಿ
ಪಂಪ್(ನಿ): ಆ ನಿಮಿಷ ಪಂಪ್ ಚಾಲೂ ಇದೆ

ಮೊದಲನೆಯದು ಸಂಖ್ಯೆ, ಎರಡನೆಯದು ನಿಜ ಅಥವಾ ಸುಳ್ಳು. ನೀರನ್ನು ಪೂರ್ಣಾಂಕವಾಗಿ ಅಲ್ಲ, ನೈಜ ಸಂಖ್ಯೆಯಾಗಿ ಘೋಷಿಸಿ. ನೀರು ಲೀಟರ್ ಲೀಟರ್ ಆಗಿ ಹಾರುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಗಣಿತದ್ದು: ನೈಜ ಸಂಖ್ಯೆಗಳ ಬೀಜಗಣಿತಕ್ಕೆ ತೀರ್ಮಾನ ವಿಧಾನ, ಅಂದರೆ ಪ್ರತಿ ಪ್ರಶ್ನೆಗೂ ಹೌದು ಅಥವಾ ಇಲ್ಲ ಎಂದು ಖಚಿತವಾಗಿ ಹೇಳುವ ವಿಧಾನ, ಇದೆಯೆಂದು ತರ್ಕಶಾಸ್ತ್ರಜ್ಞ ಆಲ್ಫ್ರೆಡ್ ಟಾರ್ಸ್ಕಿ ತೋರಿಸಿದ್ದಾರೆ. ಗುಣಾಕಾರವನ್ನೂ ಒಳಗೊಂಡ ಪೂರ್ಣಾಂಕಗಳ ಲೋಕದಲ್ಲಿ ಅಂಥ ಸಾರ್ವತ್ರಿಕ ವಿಧಾನ ಇರಲು ಸಾಧ್ಯವೇ ಇಲ್ಲ. ಮಾದರಿ ಬೆಳೆದಂತೆ ಈ ಆಯ್ಕೆ ನಿಮ್ಮನ್ನು ಕಾಯುತ್ತದೆ.

ಹೆಜ್ಜೆ 2: ಪ್ರಕೃತಿಯ ನಿಯಮ ಬರೆಯಿರಿ

ಪಂಪ್ ನಿಮಿಷಕ್ಕೆ 40 ಲೀಟರ್ ಎತ್ತುತ್ತದೆ, ಟ್ಯಾಂಕ್ 1000 ಲೀಟರಿನದು, ಮನೆಯವರು ನಿಮಿಷಕ್ಕೆ ಹೆಚ್ಚೆಂದರೆ 20 ಲೀಟರ್ ಬಳಸುತ್ತಾರೆ ಎಂದು ಇಟ್ಟುಕೊಳ್ಳೋಣ. ನೀರು ಎಲ್ಲಿಂದಲೋ ಹುಟ್ಟುವುದಿಲ್ಲ, ಎಲ್ಲೋ ಮಾಯವಾಗುವುದಿಲ್ಲ:

ಪಂಪ್(ನಿ) ⇒ ಒಳಹರಿವು(ನಿ) = 40
¬ಪಂಪ್(ನಿ) ⇒ ಒಳಹರಿವು(ನಿ) = 0
ನೀರು(ನಿ+1) = ನೀರು(ನಿ) + ಒಳಹರಿವು(ನಿ) − ಬಳಕೆ(ನಿ)
0 ≤ ಬಳಕೆ(ನಿ) ≤ 20

ಕೊನೆಯ ಸಾಲಿನ ಮುಂದೆ ಸ್ವಲ್ಪ ನಿಲ್ಲಿ. ಬಳಕೆ ಎಷ್ಟೆಂದು ನಾವು ಹೇಳಿಲ್ಲ, ಅದರ ಎಲ್ಲೆ ಮಾತ್ರ ಹೇಳಿದ್ದೇವೆ. ಸಾಲ್ವರ್ ಪ್ರತಿ ನಿಮಿಷಕ್ಕೂ ತನಗೆ ಬೇಕಾದ ಬೆಲೆಯನ್ನು ಆರಿಸಿಕೊಳ್ಳಬಹುದು. ಮನೆಯವರೆಲ್ಲ ಊರಿಗೆ ಹೋದ ದಿನವೂ ಮದುವೆಯ ಹಿಂದಿನ ದಿನವೂ ಈ ಒಂದು ಸಾಲಿನೊಳಗೇ ಇವೆ. ತರ್ಕದ ಮಾದರಿ ಸಿಮ್ಯುಲೇಷನ್‌ಗಿಂತ ಮುಂದೆ ಹೋಗುವುದು ಇಲ್ಲಿಯೇ.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ‘ಟ್ಯಾಂಕ್ 1000 ಲೀಟರಿನದು, ಆದ್ದರಿಂದ ನೀರು(ನಿ) ≤ 1000’ ಎಂದು ನಿಯಮಗಳ ಸಾಲಿಗೆ ಸೇರಿಸಬೇಡಿ. ಸೇರಿಸಿದರೆ, ಟ್ಯಾಂಕ್ ಉಕ್ಕುವುದಿಲ್ಲವೆಂದು ನೀವೇ ಯಂತ್ರಕ್ಕೆ ಹೇಳಿಕೊಟ್ಟಂತಾಯಿತು. ಆಮೇಲೆ ‘ಉಕ್ಕುತ್ತದೆಯೇ’ ಎಂದು ಕೇಳಿದರೆ ಅದು ‘ಇಲ್ಲ’ ಎನ್ನದೆ ಇನ್ನೇನು ಹೇಳೀತು? ಟ್ಯಾಂಕಿನ ಸಾಮರ್ಥ್ಯ ಇಲ್ಲಿ ನಾವು ಪರೀಕ್ಷಿಸಬೇಕಾದ ಸಂಗತಿ. ಮಾದರಿಯಲ್ಲಿ ನೀರು 1000 ದಾಟಲು ಬಿಡಬೇಕು. ದಾಟಿದರೆ ಅದೇ ಉಕ್ಕುವಿಕೆ.

ಹೆಜ್ಜೆ 3: ನಿಯಂತ್ರಕದ ನಿಯಮ, ಮತ್ತು ಬದಲಾಗದೆ ಉಳಿಯುವುದರ ನಿಯಮ

ನಿಯಂತ್ರಕ ಮಾಡುವುದಿಷ್ಟು: ನೀರು 300 ಅಥವಾ ಅದಕ್ಕಿಂತ ಕಡಿಮೆಯಾದರೆ ಪಂಪ್ ಚಾಲೂ, 950 ಮುಟ್ಟಿದರೆ ನಿಲ್ಲಿಸು. ನಿಮಿಷದ ಆರಂಭದಲ್ಲಿ ಫ್ಲೋಟನ್ನು ನೋಡುತ್ತದೆ. ಅದರ ತೀರ್ಮಾನ ಮುಂದಿನ ನಿಮಿಷದಿಂದ ಜಾರಿಗೆ ಬರುತ್ತದೆ. ಹೆಚ್ಚಿನವರು ಹೀಗೆ ಬರೆದು ಮುಗಿಸುತ್ತಾರೆ:

ನೀರು(ನಿ) ≤ 300 ⇒ ಪಂಪ್(ನಿ+1)
ನೀರು(ನಿ) ≥ 950 ⇒ ¬ಪಂಪ್(ನಿ+1)

ನೀರು 600 ಇದ್ದಾಗ ಏನಾಗುತ್ತದೆ? ‘ಇದ್ದ ಹಾಗೆಯೇ ಇರುತ್ತದೆ’ ಎಂದು ನಮಗೆ ಹೇಳದೆಯೇ ಗೊತ್ತು. ಯಂತ್ರಕ್ಕೆ ಗೊತ್ತಿಲ್ಲ. ಈ ಎರಡು ಸಾಲುಗಳನ್ನಷ್ಟೇ ಕೊಟ್ಟು, ಪಂಪ್ ಒಂದು ನಿಮಿಷ ಓಡಿ, ಒಂದು ನಿಮಿಷ ನಿಂತು, ಮತ್ತೆ ಓಡಬಹುದೇ ಎಂದು ಕೇಳಿ. ‘ಹೌದು’ ಎಂದು ಅಂಥದ್ದೊಂದು ಓಟವನ್ನು ಬರೆದುಕೊಡುತ್ತದೆ. ನಾವು ಬರೆದ ಯಾವ ನಿಯಮವೂ ಅದನ್ನು ತಡೆಯುವುದಿಲ್ಲ.

ಕೃತಕ ಬುದ್ಧಿಮತ್ತೆಯ ಇತಿಹಾಸದಲ್ಲಿ ಇದಕ್ಕೆ ಫ್ರೇಮ್ ಸಮಸ್ಯೆ ಎಂದು ಹೆಸರು. ಜಾನ್ ಮೆಕಾರ್ಥಿ ಮತ್ತು ಪ್ಯಾಟ್ರಿಕ್ ಹೇಯ್ಸ್ 1969ರಲ್ಲಿ ಇದನ್ನು ಎತ್ತಿ ತೋರಿಸಿದರು. ಒಂದು ಕ್ರಿಯೆ ಏನನ್ನು ಬದಲಿಸುತ್ತದೆ ಎಂದು ಬರೆಯುವುದು ಸುಲಭ. ಅದು ಬದಲಿಸದೆ ಬಿಡುವ ಅಸಂಖ್ಯ ಸಂಗತಿಗಳನ್ನು ಹೇಗೆ ಬರೆಯುವುದು? ಎರಡು ದಶಕಗಳ ಕಾಲ ಈ ಪ್ರಶ್ನೆಗೆ ಹಲವು ಉತ್ತರಗಳು ಬಂದವು, ಕೆಲವು ಬಿದ್ದೂ ಹೋದವು. ನಮ್ಮ ಕೆಲಸಕ್ಕೆ ಒದಗುವುದು ರೇಮಂಡ್ ರೈಟರ್ 1991ರಲ್ಲಿ ಕೊಟ್ಟ ರೂಪ. ಒಂದು ಸಂಗತಿ ಮುಂದಿನ ಕ್ಷಣದಲ್ಲಿ ನಿಜವಾಗಲು ಎರಡೇ ದಾರಿ: ಈಗ ಏನೋ ಅದನ್ನು ನಿಜ ಮಾಡಿತು, ಅಥವಾ ಅದು ಮೊದಲೇ ನಿಜವಾಗಿದ್ದು ಯಾವುದೂ ಅದನ್ನು ಸುಳ್ಳು ಮಾಡಲಿಲ್ಲ. ನಮ್ಮ ಪಂಪಿಗೆ:

ಪಂಪ್(ನಿ+1) ⇔ ನೀರು(ನಿ) ≤ 300 ∨ (ಪಂಪ್(ನಿ) ∧ ನೀರು(ನಿ) < 950)

ಒಂದೇ ಸಾಲು. ಚಾಲೂ ಆಗುವುದು, ನಿಲ್ಲುವುದು, ಇದ್ದಂತೆ ಇರುವುದು ಮೂರೂ ಇದರಲ್ಲಿವೆ. ನಿಮ್ಮ ಸ್ಥಿತಿಯ ಪ್ರತಿಯೊಂದು ಅಂಶಕ್ಕೂ ಇಂಥದ್ದೊಂದು ⇔ ಅಥವಾ = ಸಾಲು ಇದೆಯೇ ಎಂದು ಎಣಿಸಿ ನೋಡಿ. ಇಲ್ಲದಿದ್ದರೆ ಆ ಅಂಶ ಕಟ್ಟಿಲ್ಲದೆ ಓಡಾಡುತ್ತಿದೆ ಎಂದರ್ಥ. ಬಳಕೆಯ ಹಾಗೆ ಬೇಕೆಂದೇ ಬಿಟ್ಟದ್ದಾದರೆ ಸರಿ.

ಹೆಜ್ಜೆ 4: ಬಿಚ್ಚಿ ಕೇಳಿ

ಆರಂಭದ ಸ್ಥಿತಿ: ನೀರು(0) = 300, ಪಂಪ್ ಚಾಲೂ. ಈಗ ಒಂದು ಸಂಖ್ಯೆ ಆರಿಸಿ, ಉದಾಹರಣೆಗೆ 10. ಪೈಥಾನ್‌ನ ಒಂದು ಲೂಪ್‌ನಲ್ಲಿ 0ಯಿಂದ 9ರವರೆಗಿನ ಪ್ರತಿ ನಿಮಿಷಕ್ಕೂ ಮೇಲಿನ ನಿಯಮಗಳ ಒಂದೊಂದು ಪ್ರತಿ ಸೇರಿಸಿ. ಕೊನೆಗೆ, ನೀವು ಆಗಬಾರದು ಎಂದುಕೊಂಡಿರುವುದನ್ನೇ ಸೇರಿಸಿ:

ನೀರು(10) > 1000

ಸಾಲ್ವರ್ ಅನ್‌ಸ್ಯಾಟ್ ಎಂದರೆ 10ನೆಯ ನಿಮಿಷಕ್ಕೆ ಉಕ್ಕುವ ಯಾವ ದಾರಿಯೂ ಇಲ್ಲ. ಸಾಬೀತಿನ ಇಡೀ ತಂತ್ರ ಇಷ್ಟೇ: ವಿರುದ್ಧವನ್ನು ಊಹಿಸಿ ಅದು ಅಸಾಧ್ಯವೆಂದು ತೋರಿಸುವುದು. ಶಾಲೆಯ ಗಣಿತದಲ್ಲಿ ಎರಡರ ವರ್ಗಮೂಲ ಅಭಾಗಲಬ್ಧವೆಂದು ತೋರಿಸಿದ ರೀತಿಯೇ. ಹೀಗೆ ಹೆಜ್ಜೆಗಳನ್ನು ಬಿಚ್ಚಿ ಪರಿಶೀಲಿಸುವ ವಿಧಾನವನ್ನು 1999ರಲ್ಲಿ ಬಿಯೆರೆ, ಚಿಮಾಟಿ, ಕ್ಲಾರ್ಕ್, ಝೂ ಅವರು ಮಂಡಿಸಿದರು.

1, 2, 3 ಎಂದು ಏರಿಸುತ್ತ ಹೋಗಿ. 17ರವರೆಗೆ ಪ್ರತಿ ಸಲವೂ ಅನ್‌ಸ್ಯಾಟ್. 18ಕ್ಕೆ ಉತ್ತರ ತಿರುಗುತ್ತದೆ: ಸ್ಯಾಟ್. ಸಾಲ್ವರ್ ಕೊಡುವ ಬೆಲೆಗಳನ್ನು ಸಾಲಾಗಿ ಮುದ್ರಿಸಿ ಓದಿ. ಬಳಕೆ ಎಲ್ಲ ನಿಮಿಷವೂ 0 ಆದರೆ ಕಥೆ ಹೀಗಿರುತ್ತದೆ: 16ನೆಯ ನಿಮಿಷದಲ್ಲಿ ನೀರು 940, ಇನ್ನೂ 950 ಮುಟ್ಟಿಲ್ಲ, ಆದ್ದರಿಂದ 17ರಲ್ಲೂ ಪಂಪ್ ಚಾಲೂ. 17ನೆಯ ನಿಮಿಷದಲ್ಲಿ ನೀರು 980. ನಿಯಂತ್ರಕ ನೋಡುತ್ತದೆ, ನಿಲ್ಲಿಸಲು ತೀರ್ಮಾನಿಸುತ್ತದೆ, ಆದರೆ ಅದು ಜಾರಿಗೆ ಬರುವುದು ಮುಂದಿನ ನಿಮಿಷ. ಅಷ್ಟರಲ್ಲಿ ಇನ್ನೂ 40 ಲೀಟರ್ ಬಂದು 1020.

ಈ ಪ್ರತ್ಯುದಾಹರಣೆ ಚಿನ್ನ. ದೋಷವಿರುವುದು ಪಂಪಿನಲ್ಲೂ ಅಲ್ಲ, ಫ್ಲೋಟಿನಲ್ಲೂ ಅಲ್ಲ. ನೋಡುವುದಕ್ಕೂ ಮಾಡುವುದಕ್ಕೂ ನಡುವಿನ ಒಂದು ನಿಮಿಷದಲ್ಲಿ. ಆ ವಿಳಂಬವನ್ನು ಮಾದರಿಯಿಂದ ತೆಗೆದರೆ, ಅಂದರೆ ಪಂಪ್(ನಿ+1) ಅನ್ನು ನೀರು(ನಿ+1)ರಿಂದ ತೀರ್ಮಾನಿಸಿದರೆ, 950ರ ಮಿತಿಯೇ ಸಾಕು. ನೀರು 990ನ್ನು ಮುಟ್ಟುವುದಿಲ್ಲ. ವಿಳಂಬವನ್ನು ಬರೆಯಲು ಮರೆತವರಿಗೆ ಇದೇ ವ್ಯವಸ್ಥೆ ಸುರಕ್ಷಿತವಾಗಿ ಕಾಣುತ್ತದೆ. ಭೌತ ವ್ಯವಸ್ಥೆಗಳ ಮಾದರಿಯಲ್ಲಿ ನನ್ನ ಮೊದಲ ಪ್ರಶ್ನೆ ಯಾವಾಗಲೂ ಇದೇ: ಸಂವೇದಕದ ಓದು ಎಷ್ಟು ಹಳೆಯದು?

10 ಹೆಜ್ಜೆಗೆ ನಿಂತಿದ್ದರೆ ಈ ದೋಷ ಸಿಗುತ್ತಿರಲಿಲ್ಲ ಎಂಬುದನ್ನೂ ಗಮನಿಸಿ. ಹಾಗಾದರೆ ಎಷ್ಟು ಹೆಜ್ಜೆ ಸಾಕು? 18? 1800? ಬಿಚ್ಚುವುದರಿಂದ ಈ ಪ್ರಶ್ನೆಗೆ ಕೊನೆಯಿಲ್ಲ.

ಹೆಜ್ಜೆ 5: ಎಂದೆಂದಿಗೂ ಎಂದು ಸಾಬೀತು ಮಾಡಿ

ಮಿತಿಯನ್ನು 950ರಿಂದ 900ಕ್ಕೆ ಇಳಿಸೋಣ. ಈಗ ಎಷ್ಟು ಬಿಚ್ಚಿದರೂ ಅನ್‌ಸ್ಯಾಟ್. ಎಲ್ಲ ಕಾಲಕ್ಕೂ ನಿಜವೆಂದು ತೋರಿಸಲು ಇಂಡಕ್ಷನ್ ಬೇಕು: ಆರಂಭದಲ್ಲಿ ನಿಜ, ಯಾವುದೋ ಒಂದು ನಿಮಿಷದಲ್ಲಿ ನಿಜವಾಗಿದ್ದರೆ ಮುಂದಿನ ನಿಮಿಷದಲ್ಲೂ ನಿಜ. ಎರಡನೆಯದಕ್ಕೆ ನಿಯಮಗಳ ಒಂದೇ ಪ್ರತಿ ಸಾಕು. ಆರಂಭದ ಸ್ಥಿತಿಯನ್ನು ತೆಗೆದುಹಾಕಿ, ನೀರು(0) ≤ 1000 ಎಂದು ಊಹಿಸಿ, ನೀರು(1) > 1000 ಸಾಧ್ಯವೇ ಎಂದು ಕೇಳಿ.

ಸ್ಯಾಟ್! ನೀರು(0) = 990, ಪಂಪ್ ಚಾಲೂ; ಮುಂದೆ 1030. ಗಾಬರಿಯಾಗಬೇಡಿ. ನಮ್ಮ ವ್ಯವಸ್ಥೆ 990 ಲೀಟರಿದ್ದು ಪಂಪ್ ಓಡುತ್ತಿರುವ ಸ್ಥಿತಿಯನ್ನು ಎಂದೂ ತಲುಪುವುದಿಲ್ಲ. ಆದರೆ ಅದು ಸಾಲ್ವರ್‌ಗೆ ಗೊತ್ತಿಲ್ಲ, ಏಕೆಂದರೆ ನಾವು ಅದಕ್ಕೆ ಹೇಳಿದ್ದು ‘ನೀರು 1000 ದಾಟಿಲ್ಲ’ ಎಂದಷ್ಟೇ. ಸಾಬೀತಾಗಬೇಕಾದ ಮಾತು ನಿಜವೇ ಆಗಿದ್ದರೂ ತನ್ನನ್ನು ತಾನೇ ಹೊತ್ತು ಮುಂದಿನ ನಿಮಿಷಕ್ಕೆ ದಾಟಿಸುವಷ್ಟು ಬಲ ಅದಕ್ಕಿಲ್ಲ. ಇನ್ನೂ ಬಲವಾದ ಮಾತು ಬೇಕು. ಇದನ್ನು ಇನ್ವೇರಿಯಂಟ್ ಎನ್ನುತ್ತಾರೆ. ಇಡೀ ಕೆಲಸದಲ್ಲಿ ಮನುಷ್ಯನ ತಲೆಗೆ ಹೆಚ್ಚು ಕೆಲಸವಿರುವ ಜಾಗ ಇದು, ನನಗೆ ಅತ್ಯಂತ ಪ್ರಿಯವಾದದ್ದೂ ಇದೇ.

ಸಿಕ್ಕ ಪ್ರತ್ಯುದಾಹರಣೆಯನ್ನು ಹಿಡಿದು ಕೇಳಿಕೊಳ್ಳಿ: ಈ ಸ್ಥಿತಿ ಏಕೆ ಅಸಾಧ್ಯ? ಪಂಪ್ ಚಾಲೂ ಇರಬೇಕಾದರೆ ಹಿಂದಿನ ನಿಮಿಷದ ಓದು 900ಕ್ಕಿಂತ ಕಡಿಮೆ ಇರಬೇಕಿತ್ತು. ಅಲ್ಲಿಂದ ಒಂದು ನಿಮಿಷದಲ್ಲಿ ಹೆಚ್ಚೆಂದರೆ 40 ಸೇರುತ್ತದೆ. ನಿಲ್ಲುವ ಮುನ್ನದ ಕೊನೆಯ ನಿಮಿಷದಲ್ಲಿ ಹೆಚ್ಚೆಂದರೆ ಇನ್ನೊಂದು 40. ಆದ್ದರಿಂದ:

ಪಂಪ್(ನಿ) ⇒ ನೀರು(ನಿ) < 940
¬ಪಂಪ್(ನಿ) ⇒ ನೀರು(ನಿ) < 980

ಇವೆರಡನ್ನೂ ಊಹಿಸಿ, ಮುಂದಿನ ನಿಮಿಷದಲ್ಲಿ ಇವುಗಳಲ್ಲಿ ಒಂದಾದರೂ ಮುರಿಯಬಹುದೇ ಎಂದು ಕೇಳಿ. ಅನ್‌ಸ್ಯಾಟ್. ಆರಂಭದ 300ಕ್ಕೂ ಇವು ನಿಜ. ಮುಗಿಯಿತು: ಈ ಮಾದರಿಯ ಟ್ಯಾಂಕಿನಲ್ಲಿ ನೀರು ಯಾವ ಕಾಲಕ್ಕೂ 980 ಮುಟ್ಟುವುದಿಲ್ಲ. ಕಾಗದದ ಮೇಲೆ ಕೈಯಿಂದಲೂ ಒಮ್ಮೆ ಮಾಡಿ ನೋಡಿ, ನಾಲ್ಕೇ ಪ್ರಕರಣಗಳಿವೆ.

ಸಂಖ್ಯೆಗಳೇ ಬೇಡವೆಂದರೂ ಆಗುತ್ತದೆ. 40ರ ಜಾಗದಲ್ಲಿ ‘ದರ’, 900ರ ಜಾಗದಲ್ಲಿ ‘ಮಿತಿ’ ಎಂಬ ಬೆಲೆ ತಿಳಿಯದ ಚರಗಳನ್ನಿಟ್ಟು, ಮಿತಿ + 2 × ದರ ≤ 1000 ಎಂಬ ಷರತ್ತು ಸೇರಿಸಿ. ದರ ಧನ ಸಂಖ್ಯೆಯಾಗಿದ್ದು ಮಿತಿ 300ಕ್ಕಿಂತ ಹೆಚ್ಚಿದ್ದರೆ ಸಾಬೀತು ಹಾಗೆಯೇ ನಿಲ್ಲುತ್ತದೆ. ಒಂದು ಟ್ಯಾಂಕಿನ ಉತ್ತರ ಈಗ ವಿನ್ಯಾಸದ ಸೂತ್ರವಾಯಿತು: ನಿಲ್ಲಿಸುವ ಮಿತಿಯ ಮೇಲೆ ಎರಡು ನಿಮಿಷದ ಪಂಪಿಂಗ್‌ನಷ್ಟು ಜಾಗ ಬಿಡಿ.

ಹೆಜ್ಜೆ 6: ಅನ್‌ಸ್ಯಾಟ್ ಅನ್ನು ಅನುಮಾನಿಸಿ

ನಿಯಮಗಳಲ್ಲೇ ವಿರೋಧವಿದ್ದರೆ ಸಾಲ್ವರ್ ಎಲ್ಲ ಪ್ರಶ್ನೆಗೂ ಅನ್‌ಸ್ಯಾಟ್ ಎನ್ನುತ್ತದೆ. ಅಂಥ ಮಾದರಿಯಲ್ಲಿ ಟ್ಯಾಂಕ್ ಉಕ್ಕುವುದಿಲ್ಲ, ತುಂಬುವುದಿಲ್ಲ, ಇರುವುದೂ ಇಲ್ಲ. ಆದ್ದರಿಂದ ಆಗಲೇಬೇಕಾದ ಸಂಗತಿಗಳನ್ನೂ ಕೇಳಿ. 40 ನಿಮಿಷ ಬಿಚ್ಚಿ, ಕೊನೆಯ ಪ್ರಶ್ನೆಯಿಲ್ಲದೆ, ಸ್ಯಾಟ್ ಬರುತ್ತದೆಯೇ? ಪಂಪ್ ಎಂದಾದರೂ ನಿಲ್ಲಬಹುದೇ? 17ನೆಯ ನಿಮಿಷಕ್ಕೆ ನೀರು 970 ದಾಟಬಹುದೇ? ಕೊನೆಯದಕ್ಕೂ ಹೌದು ಬರಬೇಕು: ಮೊದಲ 15 ನಿಮಿಷದಲ್ಲಿ ಒಂದೇ ಲೀಟರ್ ಬಳಸಿದರೆ ನೀರು 899ಕ್ಕೆ ಬಂದು, ಎರಡು ನಿಮಿಷದ ನಂತರ 979 ಆಗುತ್ತದೆ. ಇಂಥ ಪ್ರಶ್ನೆಗಳಿಗೆ ಅನ್‌ಸ್ಯಾಟ್ ಬಂದರೆ ನಿಮ್ಮ ಸಾಬೀತನ್ನು ಬದಿಗಿಟ್ಟು ನಿಯಮಗಳನ್ನು ಒಂದೊಂದಾಗಿ ತೆಗೆಯುತ್ತ ವಿರೋಧ ಎಲ್ಲಿದೆಯೆಂದು ಹುಡುಕಿ.

ಹೆಜ್ಜೆ 7: ಲೋಕವನ್ನು ಒಳಗೆ ಬಿಡಿ

ಕರೆಂಟ್ ಹೋಗುತ್ತದೆ. ಕರೆಂಟ್(ನಿ) ಎಂಬ, ಯಾವ ನಿಯಮಕ್ಕೂ ಒಳಪಡದ ಹೊಸ ಸಂಗತಿಯನ್ನು ಸೇರಿಸಿ, ಒಳಹರಿವು 40 ಆಗಲು ಪಂಪ್(ನಿ) ∧ ಕರೆಂಟ್(ನಿ) ಬೇಕು, ಇಲ್ಲದಿದ್ದರೆ 0 ಎಂದು ತಿದ್ದಿ. ಉಕ್ಕುವುದಿಲ್ಲ ಎಂಬ ಸಾಬೀತು ಹಾಗೆಯೇ ನಡೆಯುತ್ತದೆ, ಇನ್ವೇರಿಯಂಟನ್ನು ಮುಟ್ಟಬೇಕಿಲ್ಲ. ಆದರೆ ಟ್ಯಾಂಕ್ ಬರಿದಾಗುವ ಪ್ರಶ್ನೆ ಬದಲಾಗುತ್ತದೆ. ಮೊದಲು ನೀರು 260ಕ್ಕಿಂತ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಈಗ 16 ನಿಮಿಷ ಬಿಚ್ಚಿ, ಕೊನೆಗೆ ನೀರು 0ಗಿಂತ ಕಡಿಮೆಯಾಗಬಹುದೇ ಎಂದು ಕೇಳಿದರೆ ಸಾಲ್ವರ್ ಹೌದು ಎನ್ನುತ್ತದೆ: ನೀರು(16) = −20.

ಋಣ ನೀರು! ಇದು ಟ್ಯಾಂಕಿನ ದೋಷವಲ್ಲ, ಹೆಜ್ಜೆ 2ರಲ್ಲಿ ನಾವು ಬರೆಯದೆ ಬಿಟ್ಟ ಒಂದು ಪ್ರಕೃತಿ ನಿಯಮ. ಇರುವುದಕ್ಕಿಂತ ಹೆಚ್ಚು ನೀರನ್ನು ಯಾರೂ ಬಳಸಲಾರರು:

ಬಳಕೆ(ನಿ) ≤ ನೀರು(ನಿ) + ಒಳಹರಿವು(ನಿ)

1000ದ ಮೇಲಿನ ಎಲ್ಲೆಯನ್ನು ನಿಯಮವಾಗಿ ಬರೆಯಬೇಡಿ ಎಂದೆ, ಈ ಕೆಳಗಿನ ಎಲ್ಲೆಯನ್ನು ಬರೆಯಿರಿ ಎನ್ನುತ್ತಿದ್ದೇನೆ. ವ್ಯತ್ಯಾಸ ಸ್ಪಷ್ಟ: ಖಾಲಿ ಟ್ಯಾಂಕಿನಿಂದ ನೀರು ಬರುವುದನ್ನು ಪ್ರಕೃತಿಯೇ ತಡೆಯುತ್ತದೆ, ತುಂಬಿದ ಟ್ಯಾಂಕಿಗೆ ಪಂಪ್ ಇನ್ನೂ ನೀರು ಹಾಕುವುದನ್ನು ನಿಯಂತ್ರಕ ಮಾತ್ರ ತಡೆಯಬೇಕು.

ನಿಮಿಷಗಳ ನಡುವೆ ಏನಾಗುತ್ತದೆ ಎಂಬ ಪ್ರಶ್ನೆಯನ್ನೂ ಕೇಳಬೇಕು, ಏಕೆಂದರೆ ಮಾದರಿ ನಿಮಿಷದ ಆರಂಭಗಳನ್ನು ಮಾತ್ರ ನೋಡುತ್ತದೆ. ಇಲ್ಲಿ ಉತ್ತರ ಸುಲಭ: ನಿಮಿಷದೊಳಗೆ ನೀರು ಆರಂಭದ ಮಟ್ಟಕ್ಕಿಂತ 40ಕ್ಕೂ ಹೆಚ್ಚು ಏರಲಾರದು, ಪಂಪ್ ಓಡುವ ನಿಮಿಷ ಆರಂಭವಾಗುವುದು 940ರ ಕೆಳಗೆ. ವೇಗ, ವೇಗವರ್ಧನೆ ಸೇರಿದ ವ್ಯವಸ್ಥೆಗಳಲ್ಲಿ ಇಷ್ಟು ಸುಲಭವಿಲ್ಲ. ರೈಲಿನ ಬ್ರೇಕ್, ಕಾರುಗಳ ನಡುವಿನ ಅಂತರದಂಥ ಸಮಸ್ಯೆಗಳಿಗೆ ಅವಕಲ ಸಮೀಕರಣಗಳನ್ನೇ ತರ್ಕದ ಭಾಷೆಯೊಳಗೆ ತರುವ ಕೀಮೇರಾ ಎಕ್ಸ್ ಎಂಬ ಸಾಧನವನ್ನು ಆಂದ್ರೆ ಪ್ಲಾಟ್ಸರ್ ಮತ್ತು ಸಂಗಡಿಗರು ಕಟ್ಟಿದ್ದಾರೆ. ಇಲ್ಲಿ ಕಲಿತ ಇನ್ವೇರಿಯಂಟ್ ಹುಡುಕುವ ಅಭ್ಯಾಸ ಅಲ್ಲಿಯೂ ಅಷ್ಟೇ ಬೇಕಾಗುತ್ತದೆ.

ಹೆಜ್ಜೆ 8: ಕೆಟ್ಟಾಗ ಕಾರಣ ಕೇಳಿ

ಸಾಬೀತಾದ ಟ್ಯಾಂಕ್ ಒಂದು ದಿನ ಉಕ್ಕಿತು ಎನ್ನೋಣ. ತರ್ಕ ಸುಳ್ಳಾಗಲಿಲ್ಲ, ಊಹೆಯೊಂದು ಮುರಿದಿದೆ. ಯಾವುದು? ನಿಯಮಗಳನ್ನು ಹೀಗೆ ತಿದ್ದಿ:

ಫ್ಲೋಟ್_ಸರಿ ⇒ ಓದು(ನಿ) = ನೀರು(ನಿ)
ಕಾಂಟ್ಯಾಕ್ಟರ್_ಸರಿ ⇒ (ಪಂಪ್(ನಿ) ⇔ ಆಜ್ಞೆ(ನಿ))
ದರ_ಸರಿ ⇒ ಒಳಹರಿವು(ನಿ) ≤ 40

ನಿಯಂತ್ರಕ ಈಗ ನೀರನ್ನಲ್ಲ, ಓದನ್ನು ನೋಡಿ ಆಜ್ಞೆ ಕೊಡುತ್ತದೆ. ಆ ಆಜ್ಞೆಯಂತೆ ಪಂಪಿಗೆ ಕರೆಂಟ್ ಕೊಡುವ, ಕಡಿಯುವ ಸ್ವಿಚ್ಚೇ ಕಾಂಟ್ಯಾಕ್ಟರ್. ಪಂಪ್ ನಿಂತಾಗ ಒಳಹರಿವು 0 ಎಂಬ ಸಾಲು ಹಾಗೆಯೇ ಇರಲಿ. ಓಡುವಾಗ 40 ಎಂಬ ಸಾಲಿನ ಜಾಗಕ್ಕೆ ದರದ ಸಾಲು ಬರುತ್ತದೆ. ಕಂಡದ್ದನ್ನು, ಅಂದರೆ ನೀರು 1000 ದಾಟಿತು ಎಂಬುದನ್ನು, ಸೇರಿಸಿ, ಮೂರೂ ‘ಸರಿ’ಗಳನ್ನು ತಾತ್ಕಾಲಿಕ ಊಹೆಗಳಾಗಿ ಕೊಡಿ. ಅನ್‌ಸ್ಯಾಟ್ ಬಂದಾಗ, ಒಟ್ಟಿಗೆ ನಿಲ್ಲಲಾರದ ಊಹೆಗಳ ಪಟ್ಟಿಯನ್ನು ಜೆಡ್3 ಕೊಡುತ್ತದೆ. ಅದು ಅನ್‌ಸ್ಯಾಟ್ ಕೋರ್. ಇಲ್ಲಿ ಮೂರೂ ಅದರಲ್ಲಿರುತ್ತವೆ, ಯಾವುದೇ ಒಂದನ್ನು ಕೈಬಿಟ್ಟರೂ ಸ್ಯಾಟ್ ಆಗುತ್ತದೆ. ಅಂದರೆ ಮೂವರು ಆರೋಪಿಗಳು. ರೋಗನಿದಾನವನ್ನು ಹೀಗೆ ತರ್ಕದ ವಿರೋಧದಿಂದಲೇ ಹೊರಡಿಸುವ ಸಿದ್ಧಾಂತವನ್ನು ರೈಟರ್ 1987ರಲ್ಲಿ ಬರೆದರು. ಅದೇ ವರ್ಷ ಯೋಹಾನ್ ಡಿ ಕ್ಲೀರ್ ಮತ್ತು ಬ್ರಯಾನ್ ವಿಲಿಯಮ್ಸ್ ಬಹುದೋಷಗಳ ನಿದಾನಕ್ಕೆ ತಮ್ಮ ವಿಧಾನ ಕೊಟ್ಟರು. ನಾಸಾದ ಡೀಪ್ ಸ್ಪೇಸ್ 1 ನೌಕೆಯಲ್ಲಿ 1999ರ ಮೇ ತಿಂಗಳಲ್ಲಿ ನಡೆದ ರಿಮೋಟ್ ಏಜೆಂಟ್ ಪ್ರಯೋಗದಲ್ಲಿ ಲಿವಿಂಗ್‌ಸ್ಟನ್ ಎಂಬ ತಂತ್ರಾಂಶ ಇದೇ ಬಗೆಯ ತರ್ಕದಿಂದ, ಬೇಕೆಂದೇ ಅನುಕರಿಸಿ ಕೊಟ್ಟ ದೋಷಗಳನ್ನು ಗುರುತಿಸಿತು.

ಮೂವರಲ್ಲಿ ಒಬ್ಬರನ್ನು ಹಿಡಿಯಲು ಇನ್ನೊಂದು ವೀಕ್ಷಣೆ ಬೇಕು, ಮತ್ತು ಯಾವ ವೀಕ್ಷಣೆ ಉಪಯುಕ್ತವೆಂದು ಮಾದರಿಯನ್ನೇ ಕೇಳಬಹುದು. ಆಜ್ಞೆಯ ದೀಪ ಆರಿದ್ದರೂ ಮೋಟಾರ್ ಓಡುತ್ತಿದೆ ಎಂದು ಸೇರಿಸಿ ನೋಡಿ: ಕಾಂಟ್ಯಾಕ್ಟರ್_ಸರಿ ಎಂಬ ಒಂದೇ ಊಹೆಯ ಕೋರ್ ಸಾಧ್ಯ. ಅದರ ತುದಿಗಳು ಬೆಸೆದುಕೊಂಡಿರಬಹುದು. ಮೆಯಿನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ದೀಪ ಉರಿಯುತ್ತಲೇ ಇದ್ದರೆ ಕಾಂಟ್ಯಾಕ್ಟರ್ ಆಜ್ಞೆಯನ್ನು ಪಾಲಿಸುತ್ತಿದೆ, ತುಂಬಿದ ಟ್ಯಾಂಕನ್ನು ತುಂಬಿಲ್ಲವೆಂದು ಓದಿದ್ದು ಫ್ಲೋಟ್; ತಾರಸಿಗೆ ಹತ್ತಿ ಅದು ಎಲ್ಲಿ ಸಿಕ್ಕಿಕೊಂಡಿದೆಯೆಂದು ನೋಡಿ. ದೀಪ ಆರಿದೆ, ಮೋಟಾರೂ ನಿಂತಿದೆ, ಆದರೂ ನೀರು ಉಕ್ಕಿತ್ತು ಎಂದಾದರೆ ಬಕೆಟ್ ಮತ್ತು ಗಡಿಯಾರ ಹಿಡಿದು ಪಂಪ್ ನಿಮಿಷಕ್ಕೆ ನಿಜವಾಗಿ ಎಷ್ಟು ಲೀಟರ್ ಎತ್ತುತ್ತದೆಯೆಂದು ಅಳೆಯಿರಿ, ಆ ಸಂಖ್ಯೆಯನ್ನು 40ರ ಜಾಗದಲ್ಲಿಟ್ಟು ಹೆಜ್ಜೆ 5ರ ಸಾಬೀತನ್ನು ಮತ್ತೆ ಓಡಿಸಿ.